ಹಾಲಿನ ಲೋಟಕ್ಕೆ ಯಾವುದು: ಡಬ್ಬಿ ಪುಡಿಯೋ, ಬೆಲ್ಲವೋ, ಖರ್ಜೂರವೋ?

ನಮ್ಮ ಮಗಳಿಗೆ ಆರು ವರ್ಷ. ಚಾಕೊಲೇಟ್ ಪುಡಿ ಹಾಕದಿದ್ದರೆ ಹಾಲಿನ ಲೋಟ ಮುಟ್ಟುತ್ತಿರಲಿಲ್ಲ. ಒಂದು ದಿನ ಡಬ್ಬಿಯ ಹಿಂದೆ ಬರೆದಿದ್ದನ್ನು ಓದಿದೆ: 100 ಗ್ರಾಂ ಪುಡಿಗೆ 32 ಗ್ರಾಂ ಸಕ್ಕರೆ. ಲೋಟಕ್ಕೆ 20 ಗ್ರಾಂ ಪುಡಿ ಸಾಕಂತೆ. ಅವಳು ಹಾಕಿಕೊಳ್ಳುವ ಎರಡು ತುಂಬು ಚಮಚ ತೂಗಿದರೆ 35 ಗ್ರಾಂ! ಲೋಟಕ್ಕೆ 11 ಗ್ರಾಂ ಸಕ್ಕರೆ, ದಿನಕ್ಕೆ ಎರಡು ಲೋಟ.

ಈ ವಯಸ್ಸಿಗೆ ದಿನಕ್ಕೆ ಸುಮಾರು 1,360 ಕ್ಯಾಲೊರಿ ಬೇಕು. ಅದರಲ್ಲಿ ಸೇರಿಸಿದ ಸಕ್ಕರೆ ಶೇ 10ರೊಳಗಿರಲಿ, ಶೇ 5ರೊಳಗಿದ್ದರೆ ಇನ್ನೂ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಶೇ 5 ಅಂದರೆ ಬರೀ 17 ಗ್ರಾಂ. ಹಾಲಿನಲ್ಲೇ 22 ಗ್ರಾಂ ಆಗಿಹೋಗಿತ್ತು.

ಡಬ್ಬಿ ಮೇಲಿಟ್ಟು ರಾಗಿ ಮಾಲ್ಟ್ ಶುರು ಮಾಡಿದೆ. ರಾಗಿ ಹಿಟ್ಟನ್ನು ಗಂಟಾಗದಂತೆ ತಣ್ಣೀರಲ್ಲಿ ಕಲಸಿ, ಕುದಿಸಿ, ಹಾಲು, ಬೆಲ್ಲ ಹಾಕಿದೆ. ಗಟಗಟ ಕುಡಿದಳು. ಸರ್ಕಾರಿ ಶಾಲೆಗಳಲ್ಲೂ 2024ರಿಂದ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುತ್ತಿದ್ದಾರೆ, ನಾನೂ ಸರಿಯಾದ ದಾರಿಯಲ್ಲೇ ಇದ್ದೇನೆ ಅಂತ ಬೀಗಿದೆ. ಎರಡು ವಾರದ ನಂತರ ಸುಮ್ನೆ ಒಂದು ಲೋಟಕ್ಕೆ ಹಾಕುವ ಬೆಲ್ಲದ ಚೂರನ್ನು ತಕ್ಕಡಿಗೆ ಹಾಕಿದೆ. 18 ಗ್ರಾಂ! ಬೆಲ್ಲದಲ್ಲಿ ಜಾಸ್ತಿ ಇರುವುದು ಸಕ್ಕರೆಯೇ. ‘ಬೆಲ್ಲ ಅಲ್ವಾ, ಏನಾಗಲ್ಲ’ ಅಂತ ಪುಡಿಗಿಂತ ಹೆಚ್ಚು ಸಿಹಿ ಕುಡಿಸಿದ್ದೆ. ಪಾಪ, ಡಬ್ಬಿಯನ್ನು ಬೈದಿದ್ದೇ ಬಂತು.

ಆಮೇಲೆ ಖರ್ಜೂರ. ನೆನೆಸಿ ಮಿಕ್ಸಿಯಲ್ಲಿ ಅರೆದು ಹಾಲಿಗೆ ಬೆರೆಸಿದೆ. ಸಿಪ್ಪೆಯ ಚೂರು ನಾಲಿಗೆಗೆ ಸಿಕ್ಕಿದ್ದೇ ತಡ, ಉಗಿದಳು. ಸರಿ, ಎರಡು ಖರ್ಜೂರ ಕೈಗೆ ಕೊಟ್ಟು ಪಕ್ಕದಲ್ಲಿ ಬರೀ ಹಾಲಿಟ್ಟೆ. ಮೊದಲ ದಿನ ಹಣ್ಣು ಖಾಲಿ, ಹಾಲು ಹಾಗೇ. ನಾಲ್ಕನೇ ದಿನಕ್ಕೆ ಒಂದು ಕಡಿತ, ಒಂದು ಗುಟುಕು. ಹಣ್ಣನ್ನು ಹಾಗೇ ಅಗಿದು ತಿಂದರೆ ಅದರ ಸಿಹಿ ಆ 17 ಗ್ರಾಂ ಲೆಕ್ಕಕ್ಕೆ ಬರುವುದಿಲ್ಲ, ನಾರೂ ಸಿಗುತ್ತದೆ. ಆದರೆ ಹಲ್ಲಿಗೆ ಅಂಟುತ್ತದೆ, ಬಾಯಿ ಮುಕ್ಕಳಿಸಲೇಬೇಕು. ಬೆಲೆಯೂ ಬೆಲ್ಲಕ್ಕಿಂತ ಜಾಸ್ತಿ.

ನನ್ನ ವೋಟು ರಾಗಿಗೇ, ಆದರೆ ಬೆಲ್ಲ ಇಳಿಸಿದ ರಾಗಿಗೆ. ವಾರಕ್ಕೆ ಸುಮಾರು ಎರಡು ಗ್ರಾಂನಂತೆ ಕಡಿಮೆ ಮಾಡಿ ಈಗ 5 ಗ್ರಾಂಗೆ ಬಂದಿದ್ದೇವೆ. ಏಲಕ್ಕಿ ಚಿಟಿಕೆ ಜಾಸ್ತಿ ಹಾಕುತ್ತೇನೆ. ಬೆಲ್ಲ ಇಳಿದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಒಮ್ಮೆಗೇ ನಿಲ್ಲಿಸಿದ್ದರೆ ಮನೆ ರಣರಂಗ ಆಗುತ್ತಿತ್ತು. ಖರ್ಜೂರ, ಬರೀ ಹಾಲು ಸಂಜೆಗೆ.

ಪುಡಿ ಡಬ್ಬಿ ಈಗ ಅವಳ ಅಜ್ಜಿ ಮನೆಯಲ್ಲಿದೆ. ತಿಂಗಳಿಗೊಮ್ಮೆ ಹೋದಾಗ ಎರಡು ತುಂಬು ಚಮಚ ಬೀಳುತ್ತದೆ. ಆಗ ನಾನು ಅಡುಗೆಮನೆ ಕಡೆ ಹೋಗುವುದಿಲ್ಲ.