ಬಾದಾಮಿಯಲ್ಲಿ ಎರಡು ದಿನ: ಗುಹೆಯೋ, ಉತ್ತರದ ಗುಡ್ಡವೋ, ಕೆರೆಯ ದಂಡೆಯೋ?

ಬಾದಾಮಿಗೆ ಹೋಗುವ ಬಹಳ ಜನ ಒಂದೇ ರೀತಿ ನೋಡಿ ಬರುತ್ತಾರೆ. ಬೆಳಿಗ್ಗೆ ಗುಹೆ, ಮಧ್ಯಾಹ್ನ ಪಟ್ಟದಕಲ್ಲು, ಸಂಜೆ ಐಹೊಳೆ, ರಾತ್ರಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ವಾಪಸ್. ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಅಗಸ್ತ್ಯ ತೀರ್ಥ ಅನ್ನುವ ಕೆರೆಯನ್ನು ಮೂರನೇ ಗುಹೆಯ ಜಗಲಿಯಲ್ಲಿ ನಿಂತು ನೋಡಿದ್ದಷ್ಟೇ. ಕೆಳಗೆ ಹಸಿರು ನೀರು, ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಹೆಂಗಸರು, ಆಚೆ ದಂಡೆಯಲ್ಲಿ ನೀರಿಗೆ ಅಂಟಿಕೊಂಡಂತೆ ಒಂದು ಗುಡಿ. ಅಲ್ಲಿಗೆ ಹೋಗಬೇಕು ಅನ್ನಿಸಿತು, ಆದರೆ ಗಾಡಿ ಕಾಯುತ್ತಿತ್ತು.

ಆ ಆಸೆ ಮನಸ್ಸಿನಲ್ಲೇ ಉಳಿಯಿತು. ಆಮೇಲೆ ಮೂರು ಸಲ ಹೋದೆ. ಒಮ್ಮೆ ಜನವರಿಯಲ್ಲಿ ಬನಶಂಕರಿ ಜಾತ್ರೆಗೆ, ಒಮ್ಮೆ ಆಗಸ್ಟ್ ಮಳೆಯಲ್ಲಿ, ಒಮ್ಮೆ ಏಪ್ರಿಲ್‌ನಲ್ಲಿ. ಪ್ರತಿ ಸಲವೂ ಎರಡು ರಾತ್ರಿ ಊರಲ್ಲೇ ಉಳಿದು, ಹೆಚ್ಚಾಗಿ ಕಾಲ್ನಡಿಗೆಯಲ್ಲೇ ತಿರುಗಿದೆ. ಎರಡು ದಿನ ಇರುವವರಿಗೆ ಯಾವುದಕ್ಕೆ ಎಷ್ಟು ಹೊತ್ತು ಕೊಡಬೇಕು ಅನ್ನುವುದನ್ನು ಆ ಅನುಭವದ ಮೇಲೆ ಹೇಳುತ್ತಿದ್ದೇನೆ.

ಗುಹೆಗಳನ್ನು ಬಿಡಿ ಅಂತ ಖಂಡಿತ ಹೇಳುವುದಿಲ್ಲ. ಮೊದಲನೇ ಗುಹೆಯ ಬಾಗಿಲಲ್ಲೇ ಇರುವ ಹದಿನೆಂಟು ಕೈಗಳ ನಟರಾಜನನ್ನು ಎಷ್ಟು ಸಲ ನೋಡಿದರೂ ಸಾಲದು. ಮೂರನೇ ಗುಹೆ ಎಲ್ಲಕ್ಕಿಂತ ದೊಡ್ಡದು. ಚಾಲುಕ್ಯರ ಮಂಗಳೇಶ ಅದನ್ನು ಮಾಡಿಸಿದ್ದು ಕ್ರಿ.ಶ. 578ರಲ್ಲಿ ಅಂತ ಅಲ್ಲಿನ ಸಂಸ್ಕೃತ ಶಾಸನ ಹೇಳುತ್ತದೆ. ಅಲ್ಲೇ ಅವನ ಒಂದು ಪುಟ್ಟ ಕನ್ನಡ ಶಾಸನವೂ ಇದೆ. ಅದರಲ್ಲಿ ಈ ಗುಹೆಯನ್ನು ‘ಕಲ್ಮನೆ’ ಅಂತ ಕರೆದಿದ್ದಾರೆ. ಕಲ್ಲಿನ ಮನೆ, ಅಷ್ಟೇ. ಸಾವಿರದ ನಾನೂರು ವರ್ಷಕ್ಕೂ ಹಿಂದಿನ ಮಾತು ಇವತ್ತಿಗೂ ಯಾರ ಸಹಾಯವೂ ಇಲ್ಲದೆ ನಮಗೆ ಅರ್ಥವಾಗುತ್ತದೆ. ಅದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು.

ತೊಂದರೆ ಇರುವುದು ಜನಸಂದಣಿಯಲ್ಲಿ. ಬಸ್ಸುಗಳು ಬಂದು ನಿಲ್ಲುವುದು ಇಲ್ಲಿಗೇ. ಹತ್ತು ಗಂಟೆ ದಾಟಿದ ಮೇಲೆ ಶಾಲಾ ಪ್ರವಾಸದ ಮಕ್ಕಳು, ಫೋಟೋ ತೆಗೆಯುವವರು, ಮಂಗಗಳು ಎಲ್ಲ ಒಂದೇ ಮೆಟ್ಟಿಲ ಮೇಲೆ. ಕೈಯಲ್ಲಿ ತಿಂಡಿ ಚೀಲ ಹಿಡಿದು ಹತ್ತಲೇಬೇಡಿ. ನನ್ನ ಬಾಳೆಹಣ್ಣಿನ ಚೀಲ ಎರಡನೇ ಗುಹೆಯವರೆಗೂ ಬರಲಿಲ್ಲ. ಮೇಲಿನ ಕೋಟೆಗೆ ಹೋಗುವ ದಾರಿಗೆ ಬೀಗ ಹಾಕಿದ್ದಾರೆ, ಹಾಗಾಗಿ ನಾಲ್ಕು ಗುಹೆ ನೋಡಿ ಇಳಿಯುವುದಷ್ಟೇ. ಬಾಗಿಲು ತೆಗೆಯುವ ಹೊತ್ತಿಗೇ ಹೋದರೆ ಒಂದೂವರೆ ಗಂಟೆ ಸಾಕು. ತಡವಾಗಿ ಹೋದರೆ ಮೂರು ಗಂಟೆಯಾದರೂ ನೆಮ್ಮದಿ ಇಲ್ಲ.

ಕೆರೆಯ ಎದುರು ಬದಿಯ ಉತ್ತರದ ಗುಡ್ಡಕ್ಕೆ ಹೋಗುವ ದಾರಿ ಊರಿನ ಸಂದಿಗೊಂದಿಗಳ ಒಳಗಿನಿಂದ. ಕಲ್ಲಿನ ಮನೆಗಳು, ಕಟ್ಟೆಯ ಮೇಲೆ ಕೂತ ಅಜ್ಜಂದಿರು, ಬಾಗಿಲಲ್ಲಿ ಕಟ್ಟಿದ ಆಡು. ಆ ಓಣಿಗಳನ್ನು ದಾಟಿದರೆ ಪುರಾತತ್ವ ಇಲಾಖೆಯ ಮ್ಯೂಸಿಯಂ. ಶುಕ್ರವಾರ ರಜೆ, ನೆನಪಿಡಿ. ಲಜ್ಜಾಗೌರಿ ಅನ್ನುವ ದೇವಿಯ ಚೆಂದದ ವಿಗ್ರಹ ಇರುವುದು ಇದರೊಳಗೇ.

ಮ್ಯೂಸಿಯಂ ಪಕ್ಕದಿಂದ ಮೆಟ್ಟಿಲು ಶುರು. ಸ್ವಲ್ಪ ಹತ್ತುತ್ತಿದ್ದಂತೆ ಎರಡೂ ಕಡೆ ಕೆಂಪು ಬಂಡೆ ಗೋಡೆಯಂತೆ ಎದ್ದು ನಿಲ್ಲುತ್ತದೆ. ನಡುವೆ ಇಕ್ಕಟ್ಟಾದ ದಾರಿ. ಏಪ್ರಿಲ್‌ನ ಸುಡು ಬಿಸಿಲಲ್ಲೂ ಆ ಸಂದಿಯಲ್ಲಿ ತಣ್ಣನೆ ಗಾಳಿ ಬೀಸುತ್ತಿತ್ತು. ಹತ್ತು ನಿಮಿಷ ಸುಮ್ನೆ ಬಂಡೆಗೆ ಒರಗಿ ಕೂತಿದ್ದೆ. ಮೇಲೆ ಹೋದರೆ ಕೆಳಗಿನ ಶಿವಾಲಯ, ಧಾನ್ಯದ ಕಣಜಗಳು, ಕಾವಲು ಬುರುಜು, ಕೊನೆಗೆ ತುದಿಯಲ್ಲಿ ಮೇಲಿನ ಶಿವಾಲಯ. ಅದರ ಬುಡದ ಪಟ್ಟಿಕೆಯಲ್ಲಿ ಕೃಷ್ಣ ಗೋವರ್ಧನ ಎತ್ತಿದ್ದು, ರಾಮಾಯಣದ ದೃಶ್ಯ, ಎಲ್ಲ ಚಿಕ್ಕ ಚಿಕ್ಕದಾಗಿ ಕೊರೆದಿದ್ದಾರೆ. ಬಗ್ಗಿ ನೋಡಬೇಕು.

ಈ ಗುಡ್ಡದ ಬಂಡೆಯ ಮೇಲೆಯೇ ಚಾಲುಕ್ಯ ದೊರೆ ಒಂದನೇ ಪುಲಕೇಶಿಯ ಶಾಸನ ಇರುವುದು. ಶಕ ವರ್ಷ 465, ಅಂದರೆ ಕ್ರಿ.ಶ. 543. ವಾತಾಪಿಯನ್ನು, ಅಂದರೆ ಇವತ್ತಿನ ಬಾದಾಮಿಯನ್ನು, ಕೋಟೆ ಮಾಡಿದೆ ಅಂತ ಅವನು ಬರೆಸಿದ್ದು. ಮೇಲೆ ನಿಂತು ನೋಡಿದರೆ ಯಾಕೆ ಈ ಜಾಗವನ್ನೇ ಆರಿಸಿಕೊಂಡ ಅನ್ನುವುದು ಒಂದೇ ನೋಟಕ್ಕೆ ತಿಳಿಯುತ್ತದೆ. ಮೂರು ಕಡೆ ಬಂಡೆ, ನಡುವೆ ನೀರು, ತೆರೆದ ಒಂದು ಕಡೆ ಊರು. ಗುಹೆಯಿಂದ ಕಾಣುವುದು ಕೆರೆಯ ಒಂದು ತುಣುಕು. ಇಲ್ಲಿಂದ ಇಡೀ ಕೆರೆ, ಎದುರು ಗುಡ್ಡದ ಗುಹೆಗಳು, ಊರಿನ ಮಾಳಿಗೆಗಳು ಎಲ್ಲ ಒಟ್ಟಿಗೆ ಕಾಣುತ್ತವೆ. ನೋಟಕ್ಕೆ ಅಂತ ಹೋಗುವವರಿಗೆ ನನ್ನ ಮತ ಇದಕ್ಕೇ. ಮಾಲೆಗಿತ್ತಿ ಶಿವಾಲಯ ಬೇರೆ ಬಂಡೆಯ ಮೇಲಿದೆ, ದಾರಿಯೂ ಬೇರೆ. ಮೂರರಲ್ಲಿ ಚೆನ್ನಾಗಿ ಉಳಿದಿರುವ ಗುಡಿ ಅದೇ, ಬಿಡಬೇಡಿ.

ಆದರೆ ಮಂಡಿ ನೋವಿದ್ದವರಿಗೆ ಈ ಗುಡ್ಡ ಕಷ್ಟ. ಕೆಲವು ಮೆಟ್ಟಿಲು ತುಂಬಾ ಎತ್ತರ, ಮಳೆಯಲ್ಲಿ ಜಾರುತ್ತವೆ. ಆಗಸ್ಟ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅರ್ಧ ದಾರಿಯಲ್ಲೇ ನಿಂತು, “ನೀನು ಹೋಗಿ ಬಾ, ನಾನು ಇಲ್ಲೇ ಕೂತಿರ್ತೀನಿ” ಅಂದರು. ಅವರನ್ನು ಬಿಟ್ಟು ಮೇಲೆ ಹೋಗಲು ನನಗೆ ಮನಸ್ಸಾಗಲಿಲ್ಲ. ಇಬ್ಬರೂ ಇಳಿದು ಕೆರೆಯ ದಂಡೆ ಹಿಡಿದೆವು. ಹಾಗೆ ಇಳಿದು ಬಂದದ್ದೇ ಒಳ್ಳೆಯದಾಯಿತು.

ಮ್ಯೂಸಿಯಂ ಮುಂದಿನಿಂದ ಕೆರೆಯ ದಂಡೆಗೇ ನಡೆದರೆ ಭೂತನಾಥನ ಗುಡಿಗೆ ಇಪ್ಪತ್ತು ನಿಮಿಷ. ಹತ್ತುವುದು ಏನೂ ಇಲ್ಲ. ಅಮ್ಮ ನಿಧಾನವಾಗಿ, ಎರಡು ಕಡೆ ಕೂತು ಎದ್ದು, ಆರಾಮಾಗಿ ನಡೆದರು. ಮಧ್ಯದಲ್ಲಿ ಮಲ್ಲಿಕಾರ್ಜುನ ಗುಡಿಗಳ ಗುಂಪು, ಮೆಟ್ಟಿಲು ಮೆಟ್ಟಿಲಾದ ಗೋಪುರಗಳು. ಹಿಂದಿನ ರಾತ್ರಿ ಜೋರು ಮಳೆ ಬಂದಿತ್ತು. ಬಂಡೆಯ ತುದಿಯಿಂದ ಅಕ್ಕ-ತಂಗಿ ಅನ್ನುವ ಜೋಡಿ ಜಲಪಾತ ಬೀಳುತ್ತಿತ್ತು. ಮಳೆ ನಿಂತರೆ ಅದೂ ಬೇಗ ನಿಲ್ಲುತ್ತದಂತೆ. ಊರ ಹುಡುಗರು ಅದರ ಕೆಳಗೆ ಕೇಕೆ ಹಾಕುತ್ತ ನೆನೆಯುತ್ತಿದ್ದರು.

ಈ ದಾರಿಯಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ ಜಾಸ್ತಿ. ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಬಡಿಯುವ ಸದ್ದು ಎದುರು ಬಂಡೆಗೆ ತಾಗಿ ವಾಪಸ್ ಬರುತ್ತದೆ. ಒಂದು ಏಟಿಗೆ ಎರಡು ಸದ್ದು. ಇಳಕಲ್ ಸೀರೆಗಳನ್ನು ಬಿಸಿಲಿಗೆ ಕಲ್ಲಿನ ಮೇಲೆ ಹರವಿರುತ್ತಾರೆ. ವಾತಾಪಿ, ಇಲ್ವಲ ಅನ್ನುವ ರಾಕ್ಷಸರ ಕಥೆ, ಅಗಸ್ತ್ಯರು ವಾತಾಪಿಯನ್ನು ಜೀರ್ಣ ಮಾಡಿಕೊಂಡ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಬಟ್ಟೆ ಹಿಂಡುತ್ತಿದ್ದ ಒಬ್ಬ ಅಜ್ಜಿ ಅಮ್ಮನನ್ನು ಕರೆದು ಕೂರಿಸಿಕೊಂಡರು. “ಯಾವೂರವ್ವಾ ನಿಮ್ದು? ಕುಂದರ್ರಿ, ಬಿಸಿಲಾಗ ಬಂದೀರಿ” ಅಂದರು. ಗುಹೆಯ ಬಳಿ ನಮ್ಮನ್ನು ಯಾರೂ ಹೀಗೆ ಮಾತಾಡಿಸಿರಲಿಲ್ಲ.

ಭೂತನಾಥನ ಒಳಗುಡಿ ಬಾದಾಮಿ ಚಾಲುಕ್ಯರದ್ದು, ಕೆರೆಗೆ ಮುಖ ಮಾಡಿದ ಮುಂದಿನ ಮಂಟಪ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಸೇರಿದ್ದು. ಸಂಜೆ ಐದರ ಮೇಲೆ ಆ ಮಂಟಪದಲ್ಲಿ ಕೂರಬೇಕು. ಸೂರ್ಯ ಊರಿನ ಹಿಂದೆ ಇಳಿಯುತ್ತಾನೆ, ನೀರು ದಾಟಿ ಬಂದ ಬೆಳಕಿಗೆ ಇಡೀ ಗುಡಿ, ಹಿಂದಿನ ಬಂಡೆ ಎಲ್ಲ ಕೆಂಡದ ಬಣ್ಣಕ್ಕೆ ತಿರುಗುತ್ತವೆ. ಇದೇ ಕೆರೆಯ ಈಶಾನ್ಯ ತುದಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ‘ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ’ ಅಂತ ಶಾಲೆಯಲ್ಲಿ ಓದಿದ್ದೆವು, ಅಲ್ವಾ? ಕನ್ನಡದ ಅತಿ ಹಳೆಯ ತ್ರಿಪದಿ ಅದು. ಪುಸ್ತಕದಲ್ಲಿ ಓದಿದ ಸಾಲನ್ನು ಬಂಡೆಯ ಮೇಲೆ ನೋಡಿದಾಗ ಅಮ್ಮ ಅದನ್ನು ಗಟ್ಟಿಯಾಗಿ ಹೇಳಿದರು. ಅದಕ್ಕಿಂತ ದೊಡ್ಡ ಸುಖ ನನಗೆ ಬಾದಾಮಿಯಲ್ಲಿ ಬೇರೆ ಸಿಕ್ಕಿಲ್ಲ.

ಇನ್ನೂ ಕಾಡು, ಇನ್ನೂ ನಡಿಗೆ ಬೇಕು ಅನ್ನುವವರಿಗೆ ಸಿಡಿಲಫಡಿ ಇದೆ. ಆದಿಮಾನವರು ಚಿತ್ರ ಬರೆದ ಕಲ್ಲಾಸರೆ. ಮೇಲಿನ ಬಂಡೆಯಲ್ಲಿ ದೊಡ್ಡ ತೂತಿದೆ, ಸಿಡಿಲು ಹೊಡೆದು ಆಯಿತು ಅಂತ ಊರವರ ಮಾತು. ಹೋಗಿ ಬರಲು ಅರ್ಧ ದಿನ ಬೇಕು. ಏಪ್ರಿಲ್‌ನಲ್ಲಿ ಜೊತೆಗೆ ಯಾರನ್ನೂ ಕರೆದುಕೊಳ್ಳದೆ ಹೊರಟು ದಾರಿ ತಪ್ಪಿದೆ. ಕುರುಚಲು ಗಿಡಗಳ ನಡುವೆ ಎಲ್ಲ ಕಾಲುದಾರಿಯೂ ಒಂದೇ ಥರ ಕಾಣುತ್ತದೆ. ನೀರು ಮುಗಿದು, ಹೆದರಿ, ಒಬ್ಬ ಕುರಿ ಕಾಯುವವರು ಸಿಕ್ಕಿದ ಮೇಲೆ ವಾಪಸ್ ಬಂದೆ. ಚಿತ್ರಗಳನ್ನು ನೋಡಿದ್ದು ಜನವರಿಯಲ್ಲಿ, ದಾರಿ ಗೊತ್ತಿರುವ ಊರವರೊಬ್ಬರ ಜೊತೆ. ಚಳಿಗಾಲದಲ್ಲಿ, ಊರವರ ಜೊತೆ, ತಲಾ ಮೂರು ಲೀಟರ್ ನೀರಿದ್ದರೆ ಮಾತ್ರ ಹೋಗಿ.

ಬಂಡೆ ಹತ್ತುವ ಆಟಕ್ಕೆ ದೇಶ ವಿದೇಶದವರು ಚಳಿಗಾಲದಲ್ಲಿ ಇಲ್ಲಿಗೆ ಬರುತ್ತಾರೆ. ನಾನು ಅರ್ಧ ದಿನ ಹಗ್ಗ ಕಟ್ಟಿಕೊಂಡು ಕಲಿಸುವವರ ಜೊತೆ ಪ್ರಯತ್ನಿಸಿದೆ. ಅಡ್ಡಡ್ಡ ಸೀಳುಗಳಿರುವ ಗಟ್ಟಿ ಕಲ್ಲು, ಕೈಗೆ ಚೆನ್ನಾಗಿ ಹಿಡಿತ ಸಿಗುತ್ತದೆ. ಇಷ್ಟವಾಯಿತು. ಆದರೆ ಎರಡೇ ದಿನ ಇದ್ದರೆ ಇದಕ್ಕೆ ಹೊತ್ತು ಸಾಲದು.

ಊಟಕ್ಕೆ ಐದು ಕಿಲೋಮೀಟರ್ ದೂರದ ಬನಶಂಕರಿಗೆ ಟಂಟಂ ಆಟೋ ಹತ್ತಿ. ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಅವ್ವಂದಿರು ಮನೆಯಿಂದ ಮಾಡಿ ತಂದ ಜೋಳದ ರೊಟ್ಟಿ, ಬದನೆಕಾಯಿ ಪಲ್ಲೆ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸುತ್ತಾರೆ. “ಇಷ್ಟಕ್ಕ ಸಾಕಾತೇನ ತಮ್ಮಾ? ಇನ್ನೊಂದ್ ರೊಟ್ಟಿ ತಗೋ” ಅಂತ ಕೇಳದೆ ಬಿಡುವುದಿಲ್ಲ. ಪೇಟೆಯ ಹೋಟೆಲಿನಲ್ಲೂ ಉತ್ತರ ಕರ್ನಾಟಕದ ಊಟ ತಿಂದೆ, ಈ ರುಚಿಗೆ ಹತ್ತಿರವೂ ಬರಲಿಲ್ಲ. ಬನದ ಹುಣ್ಣಿಮೆಯ ಜಾತ್ರೆಗೆ ಹೋದರೆ ರಾತ್ರಿ ನಾಟಕ ಕಂಪನಿಗಳ ಡೇರೆಗಳನ್ನೂ ನೋಡಬಹುದು. ನಾನು ಬೆಳಗಿನವರೆಗೂ ಕೂತು ಒಂದು ನಾಟಕ ನೋಡಿದೆ. ಸುತ್ತಲಿನ ಹಳ್ಳಿಯವರು ಮಕ್ಕಳು ಮರಿ ಕಟ್ಟಿಕೊಂಡು ಬಂದಿದ್ದರು, ಒಬ್ಬರೂ ನಡುವೆ ಎದ್ದು ಹೋಗಲಿಲ್ಲ. ಆದರೆ ಜಾತ್ರೆ ದಿನಗಳಲ್ಲಿ ಬಾದಾಮಿಯಲ್ಲಿ ರೂಮ್ ಸಿಗುವುದು ಕಷ್ಟ, ಮೊದಲೇ ಗೊತ್ತು ಮಾಡಿಕೊಳ್ಳಿ.

ಹಾಗಾಗಿ ಎರಡು ದಿನಕ್ಕೆ ನನ್ನ ಲೆಕ್ಕ ಹೀಗೆ. ಮೊದಲ ದಿನ ಬಾಗಿಲು ತೆಗೆಯುವ ಹೊತ್ತಿಗೇ ಗುಹೆ, ಮಧ್ಯಾಹ್ನ ಬನಶಂಕರಿ, ಸಂಜೆ ಭೂತನಾಥ. ಎರಡನೇ ದಿನ ಬೆಳಿಗ್ಗೆ ಉತ್ತರದ ಗುಡ್ಡ, ಆಮೇಲೆ ಮ್ಯೂಸಿಯಂ, ಸಂಜೆ ಮತ್ತೆ ಭೂತನಾಥ. ವಯಸ್ಸಾದವರು ಜೊತೆಗಿದ್ದರೆ ಗುಡ್ಡ ಬಿಟ್ಟು ಆ ಬೆಳಗನ್ನೂ ಕೆರೆಯ ದಂಡೆಗೇ ಕೊಡಿ. ಪಟ್ಟದಕಲ್ಲು, ಐಹೊಳೆಗೆ ಮೂರನೇ ದಿನ ಬೇಕೇ ಬೇಕು. ಅವನ್ನು ಈ ಎರಡು ದಿನದೊಳಗೆ ತುರುಕಲು ಹೋದರೆ ಮೊದಲು ತಪ್ಪಿಹೋಗುವುದು ಭೂತನಾಥನ ಸಂಜೆಯೇ.