ನಿಂಬೆ, ಸುಣ್ಣ, ಸಿಗಡಿ: ನನ್ನ ಹವಳದ ತೊಟ್ಟಿಯಲ್ಲಿ ಐಪ್ಟೇಷಿಯಾಕ್ಕೆ ಹೂಡಿದ ಮೂರು ಅಸ್ತ್ರಗಳು

ನವೆಂಬರಿನಲ್ಲಿ ನನ್ನ ತೊಟ್ಟಿಯಲ್ಲಿ ಐಪ್ಟೇಷಿಯಾ ಎಂಬ, ಹವಳಕ್ಕೆ ಪೀಡೆಯಾಗುವ ಪ್ರಾಣಿ ಇದ್ದದ್ದು ಒಂದೇ ಒಂದು. ಸಂಕ್ರಾಂತಿಯ ದಿನ ಎಣಿಸಿದಾಗ ಮೂವತ್ತೊಂದು. ಆ ಹೆಚ್ಚಳದಲ್ಲಿ ಅರ್ಧದಷ್ಟು ನನ್ನದೇ ಕೃಪೆ.

ಸಮುದ್ರ ಸುಮಾರು ಮುನ್ನೂರು ಕಿಲೋಮೀಟರ್ ದೂರವಿರುವ ಬಳ್ಳಾರಿಯಲ್ಲಿ ಹವಳ ಸಾಕುವವನನ್ನು ನೆಂಟರು ಹೇಗೂ ವಿಚಿತ್ರವಾಗಿಯೇ ನೋಡುತ್ತಾರೆ. ನನ್ನದು ಮೂರು ಅಡಿ ಉದ್ದದ, ಇನ್ನೂರು ಲೀಟರಿನ ತೊಟ್ಟಿ. ಆರ್‌ಒ ನೀರಿಗೆ ಕಡಲುಪ್ಪಿನ ಮಿಶ್ರಣ ಬೆರೆಸುತ್ತೇನೆ. ಎರಡು ಕ್ಲೌನ್ ಮೀನು, ಒಂದಿಷ್ಟು ಜೋಯಾಂಥಸ್ ಎಂಬ ಹವಳ, ಅಣಬೆ ಹವಳ, ಅಷ್ಟೇ ಸಂಸಾರ. ಬೇಸಿಗೆಯಲ್ಲಿ ಹೊರಗೆ ನಲವತ್ತು ಡಿಗ್ರಿ ದಾಟಿದಾಗ ಒಳಗಿನ ನೀರನ್ನು ಇಪ್ಪತ್ತಾರರಲ್ಲಿ ನಿಲ್ಲಿಸುವ ಚಿಲ್ಲರಿನ ವಿದ್ಯುತ್ ಬಿಲ್ಲೇ ಸಾಕಷ್ಟು ದೊಡ್ಡ ಪೀಡೆ. ಅದರ ಮೇಲೆ ಇದು. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರಿನಿಂದ ತಂದ ಜೋಯಾಂಥಸ್ ಕಲ್ಲಿನ ಅಡಿಯಲ್ಲಿ, ಕಂದು ಬಣ್ಣದ ಸಣ್ಣ ಕಾಂಡ, ಮೇಲೆ ಗರಿಗಳಂತಹ ಎಳೆಗಳು. ಮಗಳು ಅದನ್ನು ತೆಂಗಿನಮರ ಎಂದು ಕರೆದಳು. ನಾನೂ ಮೆಚ್ಚಿಕೊಂಡು ಸುಮ್ಮನಿದ್ದೆ.

ಐಪ್ಟೇಷಿಯಾ ಕಡಲಹೂವಿನ ಜಾತಿಯದು. ಎಳೆಗಳಲ್ಲಿ ಚುಚ್ಚುವ ಕೋಶಗಳಿವೆ. ಪಕ್ಕದ ಹವಳ ಮುದುಡಿ ಕುಳಿತುಬಿಡುತ್ತದೆ. ಅದಕ್ಕಿಂತ ಕೆಟ್ಟದ್ದು ಅದರ ಬುಡ. ತಳದಿಂದ ಕಿತ್ತುಬಂದ ಚೂರು ಅಂಟಿದ ಕಡೆಯೇ ಹೊಸ ಪ್ರಾಣಿಯಾಗುತ್ತದೆ. ಇದನ್ನು ತಿಳಿಯದೆ ನಾನು ಬ್ಲೇಡಿನಿಂದ ಕೆರೆದೆ. ಎರಡು ವಾರದಲ್ಲಿ ತೆಂಗಿನಮರ ಹೋಗಿ ತೆಂಗಿನತೋಟ ಬಂತು. ಆದ್ದರಿಂದ ಬ್ಲೇಡನ್ನು ಈ ಹೋಲಿಕೆಯಲ್ಲಿ ಸೇರಿಸುತ್ತಿಲ್ಲ. ಕಲ್ಲನ್ನು ತೆಗೆದು ಬಿಸಿನೀರಿನಲ್ಲಿ ಕುದಿಸಿ ಎಂಬ ಸಲಹೆಯನ್ನೂ ಅಷ್ಟೆ. ಜೋಯಾಂಥಸ್ ಗುಂಪಿನ ಕೆಲವು ಹವಳಗಳಲ್ಲಿ ಪಾಲಿಟಾಕ್ಸಿನ್ ಎಂಬ ಭಯಂಕರ ವಿಷವಿರುತ್ತದೆ. ಅಂತಹ ಕಲ್ಲನ್ನು ಕುದಿಸಿ ಆವಿ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳು ನಿಜವಾಗಿ ನಡೆದಿವೆ. ಅಡುಗೆಮನೆಗೂ ಹವಳದ ಕಲ್ಲಿಗೂ ನಂಟು ಬೇಡ.

ಮೊದಲು ಹಿಡಿದದ್ದು ನಿಂಬೆರಸ. ಸೋಸಿದ ರಸವನ್ನು ಇನ್ಸುಲಿನ್ ಸಿರಿಂಜಿಗೆ ತುಂಬಿ ಕಾಂಡಕ್ಕೇ ಚುಚ್ಚುವುದು. ಸೂಜಿ ಒಳಗೆ ಹೋದರೆ ಪ್ರಾಣಿ ಕಣ್ಣೆದುರೇ ಕರಗುತ್ತದೆ, ನೋಡಲು ತೃಪ್ತಿಯಾಗುತ್ತದೆ. ಸಮಸ್ಯೆ ಆ 'ಹೋದರೆ' ಎಂಬಲ್ಲಿದೆ. ಸೂಜಿ ಸೋಕಿದ ಮರುಕ್ಷಣ ಅದು ಕಲ್ಲಿನ ಸಂದಿಗೆ ಸೇದಿಕೊಳ್ಳುತ್ತದೆ, ರಸವೆಲ್ಲ ನೀರುಪಾಲು. ಹನ್ನೆರಡಕ್ಕೆ ಚುಚ್ಚಿದೆ, ಐದು ಸತ್ತವು. ಉಳಿದವು ಹತ್ತು ದಿನದಲ್ಲಿ ಏನೂ ಆಗದವರಂತೆ ಗರಿ ಬಿಚ್ಚಿಕೊಂಡವು, ಒಂದೆರಡರ ಪಕ್ಕದಲ್ಲಿ ಮರಿಗಳೂ ಇದ್ದವು.

ಆಮೇಲೆ ಸುಣ್ಣ. ಹವಳದ ತೊಟ್ಟಿಯ ಹವ್ಯಾಸಿಗಳು ಕಾಲ್ಕ್‌ವಾಸರ್ ಎಂದು ಜರ್ಮನ್ ಹೆಸರಿನಲ್ಲಿ ಕರೆಯುವುದು ನಮ್ಮ ಸುಣ್ಣದ ನೀರನ್ನೇ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದನ್ನೇ ಗಟ್ಟಿಯಾಗಿ ಕಲಸಿದರೆ ಪೇಸ್ಟ್. ಅಮ್ಮನ ಎಲೆ-ಅಡಿಕೆ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಲೋಟದ ಉಪ್ಪುನೀರಿನಲ್ಲಿ ಮೊದಲು ಪರೀಕ್ಷಿಸಿದೆ. ಮೇಲೆ ಎಣ್ಣೆಯ ಪದರದಂತೆ ಏನೋ ತೇಲಿತು. ವೀಳ್ಯಕ್ಕೆಂದು ಮಾರುವ ಸುಣ್ಣಕ್ಕೆ ಏನೇನು ಬೆರೆಸಿರುತ್ತಾರೋ, ತೊಟ್ಟಿಗೆ ಹಾಕುವ ಧೈರ್ಯ ಬರಲಿಲ್ಲ. ಕಾಲೇಜುಗಳ ಪ್ರಯೋಗಾಲಯಕ್ಕೆ ರಾಸಾಯನಿಕ ಒದಗಿಸುವ ಅಂಗಡಿಯಿಂದ ಶುದ್ಧ ಪುಡಿ ತಂದೆ.

ಇಲ್ಲಿ ಚುಚ್ಚುವುದಿಲ್ಲ. ಎಲ್ಲ ಪಂಪುಗಳನ್ನು ನಿಲ್ಲಿಸಿ, ನೀರು ಅಲುಗದಂತಾದ ಮೇಲೆ, ಬಿಚ್ಚಿಕೊಂಡ ಪ್ರಾಣಿಯ ಬಾಯಿಯ ಮೇಲೆ ಪೇಸ್ಟನ್ನು ಮೆಲ್ಲಗೆ ಇಳಿಬಿಡಬೇಕು. ಸೂಜಿ ತಾಗದಿದ್ದರೆ ಅದು ಗಾಬರಿಯಾಗುವುದಿಲ್ಲ. ಮೇಲಿಂದ ಬಿದ್ದದ್ದನ್ನು ಎಷ್ಟೋ ಸಲ ಆಹಾರವೆಂದೇ ಒಳಗೆಳೆದುಕೊಳ್ಳುತ್ತದೆ. ಸಂದಿಗೆ ಸೇದಿಕೊಂಡರೂ ಸುಣ್ಣ ಮೇಲೆ ಮುಚ್ಚಳದಂತೆ ಕುಳಿತಿರುತ್ತದೆ. ಇಪ್ಪತ್ತು ನಿಮಿಷ ಕಾದು ಪಂಪು ಹಾಕುತ್ತಿದ್ದೆ. ಹನ್ನೆರಡರಲ್ಲಿ ಹತ್ತು ಮತ್ತೆ ಏಳಲಿಲ್ಲ. ಒಂದು ಸಂಜೆ ಸರಿಯಾಗಿ ಪಂಪು ನಿಲ್ಲಿಸಬೇಕೆನ್ನುವಾಗಲೇ ಕರೆಂಟ್ ಹೋಯಿತು. ಬಳ್ಳಾರಿಯ ಕರೆಂಟಿಗೆ ನಾನು ಕೃತಜ್ಞನಾದದ್ದು ಅದೊಂದೇ ಸಲ.

ಆದರೆ ಸುಣ್ಣ ಕ್ಷಾರ. ಒಂದೇ ದಿನ ಎಂಟಕ್ಕೆ ಹಾಕಿದಾಗ ನೀರಿನ ಪಿಎಚ್ 8.2ರಿಂದ 8.5ಕ್ಕೆ ಏರಿತು, ಕ್ಲೌನ್‌ಗಳು ಮೂಲೆ ಸೇರಿದವು. ಆಮೇಲೆ ದಿನಕ್ಕೆ ಮೂರು, ಹೆಚ್ಚೆಂದರೆ ನಾಲ್ಕು. ಜಾರಿದ ಪೇಸ್ಟ್ ಬಿದ್ದು ಜೋಯಾಂಥಸ್‌ನ ಒಂದು ಗೊಂಚಲು ಬೆಂದುಹೋಯಿತು ಕೂಡ. ಇದೇ ಕೆಲಸಕ್ಕೆ ಬರುವ ವಿದೇಶಿ ಬಾಟಲಿಯನ್ನೂ ಒಂದು ತರಿಸಿದ್ದೆ. ಅದು ಇನ್ನೂ ದಪ್ಪ, ಜಾರುವುದು ಕಡಿಮೆ. ನನ್ನ ಕೈಯಲ್ಲಿ ಫಲಿತಾಂಶ ಮಾತ್ರ ಸುಣ್ಣದ್ದೇ.

ಸುಣ್ಣ ಸೋಲುವುದು ಕಣ್ಣಿಗೆ ಕಾಣದ ಕಡೆ. ಕಲ್ಲಿನ ಹಿಂಬದಿಯಲ್ಲಿ ಸಾಸಿವೆ ಕಾಳಿನಷ್ಟು ಮರಿಗಳಿದ್ದರೆ ಯಾವ ಸಿರಿಂಜೂ ತಲುಪುವುದಿಲ್ಲ. ಅಲ್ಲಿಗೆ ಐಪ್ಟೇಷಿಯಾ ತಿನ್ನುವ ಪೆಪ್ಪರ್‌ಮಿಂಟ್ ಸಿಗಡಿಯೇ ಬೇಕು. ಮೂರು ಕಳುಹಿಸಿ ಎಂದೆ. ಅಂಗಡಿಯವರು ಕಳುಹಿಸಿದ್ದು ಒಂಟೆ ಸಿಗಡಿ. ಬೆನ್ನಿನ ಮೇಲೆ ಡುಬ್ಬ, ಕೆಂಪು ಮೈಗೆ ಬಿಳಿ ಗೆರೆಗಳು, ಗುಂಡು ಕಣ್ಣು. ಇದು ಐಪ್ಟೇಷಿಯಾವನ್ನು ಬಿಟ್ಟು ನಾನು ಕಾಪಾಡಬೇಕೆಂದಿದ್ದ ಜೋಯಾಂಥಸ್ಸನ್ನೇ ಚಿವುಟತೊಡಗಿತು. ಪೆಪ್ಪರ್‌ಮಿಂಟ್‌ಗೆ ಡುಬ್ಬ ಅಷ್ಟಿಲ್ಲ. ಪಾರದರ್ಶಕ ಮೈ, ಕೆಂಪು ಗೆರೆ. ಕೊಳ್ಳುವವರು ಫೋಟೊ ತರಿಸಿ ನೋಡಿಯೇ ದುಡ್ಡು ಕಳುಹಿಸಿ.

ಎರಡನೇ ಸಲ ಸರಿಯಾದವು ಬಂದವು. ಹದಿನೈದು ದಿನ ಅವುಗಳ ಮೀಸೆಯೂ ಕಾಣಲಿಲ್ಲ. ಒಂದು ಸಿಗಡಿಯ ಬೆಲೆಗೆ ಎರಡು ವರ್ಷದ ನಿಂಬೆಹಣ್ಣು ಬರುತ್ತಿತ್ತು ಎಂದು ಹೆಂಡತಿ ಲೆಕ್ಕ ಹಾಕಿ ಹೇಳಿದಳು. ಮೀನಿನ ಆಹಾರ ಅರ್ಧ ಮಾಡಿದೆ. ಹೊಟ್ಟೆ ತುಂಬಿದ ಸಿಗಡಿ ಐಪ್ಟೇಷಿಯಾದ ಕಡೆ ತಿರುಗಿಯೂ ನೋಡುವುದಿಲ್ಲ. ಇಪ್ಪತ್ತನೇ ದಿನ ರಾತ್ರಿ ಟಾರ್ಚಿಗೆ ಕೆಂಪು ಕಾಗದ ಸುತ್ತಿ ಹಿಡಿದಾಗ ಒಂದು ಸಿಗಡಿ ಗರಿಗಳನ್ನು ಒಂದೊಂದಾಗಿ, ಸೊಪ್ಪು ಬಿಡಿಸುವವರ ತಾಳ್ಮೆಯಿಂದ ಕೀಳುತ್ತಿತ್ತು. ತಿಂಗಳು ಮುಗಿಯುವಷ್ಟರಲ್ಲಿ ಮರಿಗಳೆಲ್ಲ ಮಾಯ. ದೊಡ್ಡವನ್ನು ಮಾತ್ರ ಮುಟ್ಟಲಿಲ್ಲ. ರೂಪಾಯಿ ನಾಣ್ಯದಷ್ಟು ಅಗಲವಾದವಕ್ಕೆ ಸುಣ್ಣವೇ ಗತಿ.

ಹಾಗಾಗಿ ಈಗ ನನ್ನ ಕ್ರಮ ಇದು: ದೊಡ್ಡವಕ್ಕೆ ಮೊದಲು ಸುಣ್ಣ, ಅದಾದ ಮೇಲೆ ಸಿಗಡಿ. ನಿಂಬೆ ಅಡುಗೆಮನೆಗೆ ವಾಪಸಾಯಿತು. ಐಪ್ಟೇಷಿಯಾವನ್ನು ಬಿಟ್ಟು ಬೇರೇನೂ ತಿನ್ನದ ಬರ್ಗಿಯಾ ಎಂಬ, ಚಿಪ್ಪಿಲ್ಲದ ಕಡಲ ಬಸವನಹುಳು ಇದೆ. ಇಲ್ಲಿಗೆ ಕಳುಹಿಸುವವರು ನನಗೆ ಸಿಗಲಿಲ್ಲ, ಸಿಕ್ಕಿದ್ದರೂ ಅದನ್ನೇ ಈ ಸಿಗಡಿಗಳು ತಿಂದುಬಿಡುತ್ತಿದ್ದವೇನೋ. ಐಪ್ಟೇಷಿಯಾ ತಿನ್ನುವ ಕಾಪರ್‌ಬ್ಯಾಂಡ್ ಎಂಬ ಚಿಟ್ಟೆಮೀನು ಇನ್ನೂರು ಲೀಟರಿಗೆ ದೊಡ್ಡದಾಯಿತು.

ಮೊನ್ನೆ ಎಣಿಸಿದೆ. ಎರಡಿವೆ. ಎರಡೂ ಪಂಪಿನ ಬಾಯಿಯ ಒಳಗೆ, ಸಿಗಡಿಯೂ ಸೂಜಿಯೂ ಹೋಗದ ಕಡೆ. ಭಾನುವಾರ ಪಂಪನ್ನೇ ಬಿಚ್ಚಿ ಸಿಹಿನೀರಿನ ಬಕೆಟ್ಟಿನಲ್ಲಿ ಮುಳುಗಿಸಿಡುತ್ತೇನೆ. ಒಂದು ಮರವನ್ನಾದರೂ ಉಳಿಸಬೇಕೆಂದು ಮಗಳ ಅರ್ಜಿ ಬಂದಿದೆ, ಇನ್ನೂ ಉತ್ತರ ಕೊಟ್ಟಿಲ್ಲ.