ನೂರು ಕಿಲೋ ದಾಟಿದವರಿಗೆ ಕಾರ್ಬನ್ ಬೂಮ್: ಕೆಲವು ಸೀಸನ್ ಬಳಸಿದ ಮೇಲೆ

ನನ್ನ ತೂಕ 104 ಕಿಲೋ. ವಿಂಡ್‌ಸರ್ಫಿಂಗ್ (ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು ನೀರಿನಲ್ಲಿ ಸಾಗುವ ಆಟ) ಸಾಮಾನಿನ ಬಗ್ಗೆ ನಾನು ಓದುವ ವಿಮರ್ಶೆಗಳೆಲ್ಲ ಹೆಚ್ಚುಕಮ್ಮಿ 75 ಕಿಲೋ ಜನ ಬರೆದವು. "ಅಲ್ಯೂಮಿನಿಯಂ ಬೂಮ್ ಸಾಕು, ಕಾರ್ಬನ್‌ಗೆ ಸುಮ್ನೆ ದುಡ್ಡು ಸುರಿಯಬೇಡಿ" ಅಂತ ಅವರು ಹೇಳಿದರೆ ಅದು ಅವರ ಮಟ್ಟಿಗೆ ಸರಿಯೇ. ನೂರು ಕಿಲೋ ದಾಟಿದವರ ಲೆಕ್ಕ ಬೇರೆ. ಅದನ್ನು ಕನ್ನಡದಲ್ಲಿ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ, ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ಹೊಸಬರಿಗೆ ಒಂದು ಮಾತು. ಬೂಮ್ ಅಂದರೆ ಹಾಯಿಯ ಎರಡೂ ಪಕ್ಕಕ್ಕೆ ಬಾಗಿ ಬರುವ, ನಾವು ಕೈಯಲ್ಲಿ ಹಿಡಿಯುವ ಕೊಳವೆ, ಅಲ್ಯೂಮಿನಿಯಂನದೋ ಕಾರ್ಬನ್ ನಾರಿನದೋ ಇರುತ್ತದೆ. ಎರಡು ಪಕ್ಕದ ಭಾಗಗಳೇ ಅದರ ತೋಳುಗಳು. ಮುಂದಿನ ತುದಿಯನ್ನು (ಹೆಡ್) ಹಾಯಿಯ ಕಂಬಕ್ಕೆ, ಅಂದರೆ ಮಾಸ್ಟ್‌ಗೆ, ಕ್ಲ್ಯಾಂಪ್ ಮಾಡುತ್ತೇವೆ, ಹಿಂದಿನ ತುದಿಗೆ ಹಾಯಿಯ ಮೂಲೆಯನ್ನು ಹಗ್ಗದಿಂದ ಎಳೆದು ಕಟ್ಟುತ್ತೇವೆ. ಮೈಗೆ ಕಟ್ಟಿಕೊಂಡ ಹಾರ್ನೆಸ್ ಪಟ್ಟಿಯ ಕೊಕ್ಕೆಯನ್ನು ಬೂಮ್‌ಗೆ ಕಟ್ಟಿದ ಲೈನಿಗೆ ಸಿಕ್ಕಿಸಿ ಹಿಂದಕ್ಕೆ ಒರಗಿದರೆ ಗಾಳಿಯ ಎದುರು ತಡೆಯಾಗಿ ನಿಲ್ಲುವುದು ನಮ್ಮ ಮೈತೂಕ. ಅದಷ್ಟೂ ಈ ಕೊಳವೆಯ ಮೂಲಕವೇ ಹಾಯಿಗೆ ಹೋಗಬೇಕು. 70 ಕಿಲೋ ಇರುವವರ ಬೂಮ್‌ಗಿಂತ ನನ್ನದು ಸುಮಾರು ಒಂದೂವರೆ ಪಟ್ಟು ಭಾರ ಹೊರುತ್ತದೆ. ಸಾಲದ್ದಕ್ಕೆ ಭಾರದವರಿಗೆ ಹಾಯಿಯೂ ದೊಡ್ಡದು ಬೇಕು, ದೊಡ್ಡ ಹಾಯಿಗೆ ಉದ್ದದ ಬೂಮ್ ಬೇಕು, ಬೂಮ್ ಉದ್ದ ಆದಷ್ಟೂ ಬಾಗುವುದು ಜಾಸ್ತಿ. ಎಲ್ಲ ಕಷ್ಟವೂ ಒಂದೇ ಕಡೆ ಬಂದು ಕೂರುತ್ತದೆ.

ನಾನು ಜಾಸ್ತಿ ಹೋಗುವುದು ಸ್ಯಾನ್ ಮಟೆಯೋದ ಕಯೋಟಿ ಪಾಯಿಂಟ್‌ಗೆ. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಕ್ಕೆ ಹತ್ತಿರದ ಜಾಗ. ಬೇಸಿಗೆಯಲ್ಲಿ ಒಳನಾಡು ಕಾಯುತ್ತಿದ್ದಂತೆ ಸಮುದ್ರದ ತಣ್ಣನೆಯ ಗಾಳಿ ಸ್ಯಾನ್ ಬ್ರೂನೋ ಹತ್ತಿರದ ಗುಡ್ಡಗಳ ಸಂದಿಯಿಂದ ನುಗ್ಗಿ ಕೊಲ್ಲಿಗೆ ಇಳಿಯುತ್ತದೆ. ಆಫೀಸಿನಿಂದ ಬೇಗ ಎದ್ದರೆ ಸಂಜೆ ಎರಡು ಗಂಟೆ ಚೆನ್ನಾಗಿ ಸಿಗುತ್ತದೆ. ನೀರು ಮಾತ್ರ ನಯವಾಗಿರುವುದಿಲ್ಲ. ಗಿಡ್ಡನೆಯ, ಒತ್ತೊತ್ತಾದ ಅಲೆಗಳು. ಬೋರ್ಡ್ ಒಂದರ ಮೇಲಿಂದ ಇನ್ನೊಂದಕ್ಕೆ ಬೀಳುತ್ತಲೇ ಇರುತ್ತದೆ, ಪ್ರತಿ ಏಟಿಗೂ ಬೂಮ್ ಒಮ್ಮೆ ಬಾಗಿ ಮತ್ತೆ ಸೆಟೆಯುತ್ತದೆ.

ಅಲ್ಯೂಮಿನಿಯಂ ಸೋಲುವುದು ಇಲ್ಲೇ. ಉಕ್ಕಿಗಾದರೆ ಒಂದು ಮಿತಿ ಇದೆ, ಅದರ ಕೆಳಗಿನ ಭಾರವನ್ನು ಎಷ್ಟು ಸಲ ಹೇರಿದರೂ ತಡೆದುಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ. ತಂತಿಯನ್ನು ಆಚೀಚೆ ಬಗ್ಗಿಸಿ ತುಂಡು ಮಾಡುತ್ತೇವಲ್ಲ, ಹಾಗೆ ಸಣ್ಣ ಸಣ್ಣ ಬಾಗೂ ಒಳಗೊಳಗೇ ಸೇರುತ್ತಾ ಹೋಗುತ್ತದೆ. ಜೊತೆಗೆ ಕೊಳವೆಯ ಮೇಲಿನ ಫೋಮ್ ಹೊದಿಕೆಯ, ಅಂದರೆ ಗ್ರಿಪ್‌ನ, ಅಡಿಗೆ ಉಪ್ಪುನೀರು ಇಳಿದು ಲೋಹವನ್ನು ತಿನ್ನುತ್ತದೆ. ತೋಳು ಹೆಡ್‌ಗೆ ಸೇರುವ ಜಾಗ, ಹಾರ್ನೆಸ್ ಲೈನ್ ಕಟ್ಟುವ ಜಾಗ, ಉದ್ದ ಹೆಚ್ಚುಕಮ್ಮಿ ಮಾಡುವ ಹಿಂದಿನ ಜಾರುವ ತುಂಡು (ಟೇಲ್) ತೋಳಿನ ಒಳಗೆ ಹೋಗುವ ಕಡೆ ಇರುವ ತೂತುಗಳು: ಮುರಿಯುವುದು ಬಹುಮಟ್ಟಿಗೆ ಇಲ್ಲೆಲ್ಲಾದರೂ ಒಂದು ಕಡೆ.

ನನ್ನ ಹಿಂದಿನ ಅಲ್ಯೂಮಿನಿಯಂ ಬೂಮ್ ಹೆಡ್ ಹತ್ತಿರವೇ ಹೋಯಿತು. ದಡದಿಂದ ಚೆನ್ನಾಗಿ ದೂರ ಇದ್ದೆ. ಒಂದು ತೋಳು ಮಾತ್ರ ಮುರಿದಿದ್ದರಿಂದ ಇನ್ನೊಂದು ತೋಳಿನ ಕಡೆ ನಿಂತು ಒಂದೇ ದಿಕ್ಕಿಗೆ ಸಾಗುತ್ತಾ ಫಾಸ್ಟರ್ ಸಿಟಿ ಕಡೆಯ ದಂಡೆ ಸೇರಿದೆ. ಇದು ಎಲ್ಲರೂ ತಿಳಿದಿರಬೇಕಾದ ಉಪಾಯ. ನನ್ನ ಜೊತೆ ಬರುವ ಉಡುಪಿ ಕಡೆಯ ಗೆಳೆಯರೊಬ್ಬರು ಮುರಿದ ತುದಿ ಹಿಡಿದು ನೋಡಿ, "ಇದು ಇವತ್ತು ಮುರಿದದ್ದಲ್ಲ ಮಾರಾಯ್ರೆ" ಅಂದರು. ನಿಜ. ಸೀಳಿನ ಅರ್ಧ ಭಾಗ ಹೊಳೆಯುತ್ತಿತ್ತು, ಇನ್ನರ್ಧ ಮಂಕಾಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಮಂಕಾದ ಅರ್ಧ ಎಷ್ಟೋ ಮುಂಚೆಯೇ ಬಿಟ್ಟುಕೊಂಡಿತ್ತು. ಗ್ರಿಪ್ ಅದನ್ನು ಮುಚ್ಚಿಟ್ಟಿತ್ತು, ಅಷ್ಟೆ.

ಆಮೇಲೆ ತಂದದ್ದೇ ಈ ಕಾರ್ಬನ್ ಬೂಮ್. ಉದ್ದ 180ರಿಂದ 230 ಸೆಂ.ಮೀ., ಎರಡೂ ತೋಳು ಮತ್ತು ಹೆಡ್ ಸೇರಿ ಒಂದೇ ಅಚ್ಚಿನಲ್ಲಿ ಮಾಡಿದ್ದು. ಉಳಿದ ವಿವರ ಅಂಗಡಿಯ ಪುಟಗಳಲ್ಲಿ ಇದ್ದೇ ಇರುತ್ತದೆ. ಬ್ರಾಂಡ್ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಒಂದೇ ಹೆಸರಿನ ಮಾಡೆಲ್‌ನಲ್ಲೇ ವರ್ಷದಿಂದ ವರ್ಷಕ್ಕೆ ಹೆಡ್ ಬದಲಾಗುತ್ತದೆ, ಕ್ಲಿಪ್ ಬದಲಾಗುತ್ತದೆ. ಹೆಸರು ನೋಡಿ ಕೊಳ್ಳುವುದಕ್ಕಿಂತ ಕೈಯಲ್ಲಿ ಹಿಡಿದು ನೋಡಿ ಕೊಳ್ಳುವುದು ವಾಸಿ.

ಮುರಿಯಬಾರದು ಅನ್ನೋ ಒಂದೇ ಕಾರಣಕ್ಕೆ ತಂದೆ. ಆದರೆ ಮೊದಲ ಸಂಜೆಯೇ ಬೇರೊಂದು ಸಿಕ್ಕಿತು. ಕೈ ಸುಮ್ಮನಾಯಿತು. ಇದನ್ನು ಹೇಗೆ ಹೇಳಲಿ? ಮೊದಲೆಲ್ಲ ಗಾಳಿಯ ಹೊಡೆತ ಬಂದಾಗ ಹಾಯಿ ಒಮ್ಮೆ ಉಸಿರು ತುಂಬಿಕೊಂಡಂತೆ ಆಗಿ ಹಿಂದಿನ ಕೈಯನ್ನು ಜಗ್ಗುತ್ತಿತ್ತು. ನಾನು ಅದನ್ನು ಗಾಳಿಯ ಗುಣ ಅಂದುಕೊಂಡಿದ್ದೆ. ಅದು ಬೂಮ್‌ನ ಗುಣವಾಗಿತ್ತು. ಗಾಳಿ ಜೋರಾದಾಗ ಹಾಯಿ ಚಪ್ಪಟೆಯಾಗಿಯೇ ಉಳಿಯಬೇಕು. ನನ್ನ ತೂಕಕ್ಕೆ ಬೂಮ್ ಬಾಗಿದರೆ ಹಿಂದಿನ ಮೂಲೆ ಸಡಿಲವಾಗುತ್ತದೆ, ಹಾಯಿಯ ಹೊಟ್ಟೆ ಉಬ್ಬುತ್ತದೆ, ಎಳೆತ ಹಿಂದಕ್ಕೆ ಸರಿಯುತ್ತದೆ. ಬೇಡದ ಹೊತ್ತಿನಲ್ಲೇ ಶಕ್ತಿ ಜಾಸ್ತಿಯಾಗುತ್ತದೆ. ಗಟ್ಟಿ ಬೂಮ್‌ನಲ್ಲಿ ಇದು ಬಹುಮಟ್ಟಿಗೆ ಇಲ್ಲ. ಹೊಡೆತ ಬಂದರೆ ಬೋರ್ಡ್ ಮುಂದಕ್ಕೆ ಓಡುತ್ತದೆ. 7.8 ಚದರ ಮೀಟರ್ ಹಾಯಿಯನ್ನು ಈಗ ನಾನು ಮೊದಲಿಗಿಂತ ಜೋರು ಗಾಳಿಯಲ್ಲೂ ಹಿಡಿದುಕೊಳ್ಳುತ್ತೇನೆ, ದಡಕ್ಕೆ ಬಂದು ಚಿಕ್ಕ ಹಾಯಿ ಕಟ್ಟುವ ಕೆಲಸ ಎಷ್ಟೋ ಸಲ ಉಳಿದಿದೆ. ಮುಂಗೈ ನೋವು ಕಡಿಮೆಯಾಗಿದೆ. ಗಾಳಿ ಕಡಿಮೆ ಇದ್ದಾಗ ಹಾಯಿಯನ್ನು ಮತ್ತೆ ಮತ್ತೆ ಎಳೆದು (ಪಂಪ್ ಮಾಡಿ) ಬೋರ್ಡನ್ನು ನೀರಿನ ಮೇಲೆ ಹತ್ತಿಸಬೇಕಲ್ಲ, ಭಾರದವರಿಗೆ ಅದೇ ದೊಡ್ಡ ಸಾಹಸ. ಈಗ ನಾನು ಎಳೆದದ್ದು ನೇರವಾಗಿ ಹಾಯಿಗೆ ತಲುಪುತ್ತದೆ.

ಅಂಗಡಿಯವರು ಕಾರ್ಬನ್ ಹಗುರ, ಹಗುರ ಅಂತಲೇ ಮಾರುತ್ತಾರೆ. ತೂಕದ ವ್ಯತ್ಯಾಸ ಅರ್ಧ ಕಿಲೋ ಆಸುಪಾಸು. ನನ್ನ ಗಾತ್ರದವರಿಗೆ ಅದು ದೊಡ್ಡ ವಿಷಯವೇ ಅಲ್ಲ. ದುಡ್ಡು ಕೊಡುವುದಾದರೆ ಗಟ್ಟಿತನಕ್ಕೆ ಕೊಡಿ.

ನೀರಿಂದ ಬಂದ ಮೇಲಿನ ಉಪಚಾರ ನನಗೆ ತುಂಬಾ ಇಷ್ಟದ ಕೆಲಸ. ಮನೆಯ ಹಿತ್ತಲಲ್ಲಿ ಟೇಲನ್ನು ಪೂರ್ತಿ ಹೊರಗೆಳೆಯುತ್ತೇನೆ. ಪೈಪಿನಿಂದ ತೋಳಿನ ಒಳಗೆ ನೀರು ಬಿಟ್ಟರೆ ಇನ್ನೊಂದು ತುದಿಯಿಂದ ಬೂದು ಮರಳು ಇಳಿಯುತ್ತದೆ. ಎಷ್ಟು ತೊಳೆದರೂ ಕೊನೆಗೆ ಒಂದು ಚಿಟಿಕೆ ಉಳಿದೇ ಇರುತ್ತದೆ, ಅದಕ್ಕೆ ಉದ್ದ ಕೋಲಿಗೆ ಹಳೇ ಬನೀನು ಸುತ್ತಿ ಒರೆಸುತ್ತೇನೆ. ಕ್ಲ್ಯಾಂಪ್ ಒಳಗಿನ ರಬ್ಬರನ್ನು ಬ್ರಷ್‌ನಲ್ಲಿ ಉಜ್ಜುತ್ತೇನೆ. ಅಲ್ಲಿ ಮರಳು ಕೂತರೆ ಮಾಸ್ಟ್‌ಗೆ ಗೀರು ಬೀಳುತ್ತದೆ, ಭಾರದವರು ತೂಗಾಡಿದಾಗ ಬೂಮ್ ಮೆಲ್ಲಗೆ ಕೆಳಗೆ ಜಾರುತ್ತದೆ. ಆಮೇಲೆ ಒಂದು ನಾಣ್ಯದಿಂದ ಹೆಡ್ ಮತ್ತು ತೋಳುಗಳನ್ನು ಟಕಟಕ ತಟ್ಟುತ್ತಾ ಹೋಗುತ್ತೇನೆ. ಚೆನ್ನಾಗಿರುವ ಕಾರ್ಬನ್ ಗಣಗಣ ಅನ್ನುತ್ತದೆ. ಒಳಪದರ ಬಿಟ್ಟುಕೊಂಡ ಕಡೆ ಸದ್ದು ಮಂದವಾಗುತ್ತದೆ. ಕೊನೆಗೆ ನೆರಳಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸುತ್ತೇನೆ. ಶರ್ಮನ್ ಐಲ್ಯಾಂಡ್‌ನಿಂದ ಬಂದ ದಿನ ಇಷ್ಟೆಲ್ಲ ಬೇಡ. ಅಲ್ಲಿರುವುದು ಸ್ಯಾಕ್ರಮೆಂಟೋ ನದಿ, ಸಿಹಿನೀರು. ಆದರೂ ಮಾಡುತ್ತೇನೆ.

ಈಗ ಬೇಸರದ ಭಾಗ.

ಗ್ರಿಪ್. ಸಾವಿರ ಡಾಲರ್ ಹತ್ತಿರ ಕೊಟ್ಟ ವಸ್ತುವಿನ ಮೇಲೆ ಇಷ್ಟು ತೆಳುವಾದ ಫೋಮ್ ಹಾಕುವುದು ಸರಿಯಲ್ಲ. ಎರಡನೇ ಬೇಸಿಗೆಗೇ ಹಾರ್ನೆಸ್ ಲೈನ್‌ನ ಪಟ್ಟಿ ಕೂರುವ ಜಾಗದಲ್ಲಿ ಗ್ರಿಪ್ ತಿಂದುಹೋಗಿ ಕಪ್ಪು ಕಾರ್ಬನ್ ಕಾಣತೊಡಗಿತು. ನೋಡಲು ಸಣ್ಣ ವಿಷಯ. ಆದರೆ ಅಲ್ಲಿ ಪಟ್ಟಿಯ ಜೊತೆ ಮರಳೂ ಇರುತ್ತದೆ, ಮೇಲಿಂದ ನೂರು ಕಿಲೋ ಜಗ್ಗುತ್ತಿರುತ್ತದೆ. ಎರಡೂ ಸೇರಿ ಕಾರ್ಬನ್ ನಾರನ್ನೇ ಉಜ್ಜುತ್ತವೆ. ಬೆರಳಾಡಿಸಿದರೆ ಒಂದು ಸಣ್ಣ ತಗ್ಗು ಕೈಗೆ ಸಿಗುತ್ತಿತ್ತು, ಉಗುರಿನ ತುದಿ ನಿಲ್ಲುವಷ್ಟು. ಕಂಪನಿಗೆ ಫೋಟೋ ಕಳಿಸಿದೆ. ಗ್ರಿಪ್ ಸವೆತ ವಾರಂಟಿಗೆ ಬರುವುದಿಲ್ಲ ಅಂತ ಒಂದು ಸಾಲಿನ ಉತ್ತರ ಬಂತು. ಭಾರದವರಿಗೆ ಬೇರೆ ಏನಾದರೂ ಉಪಾಯ ಇದೆಯಾ ಅಂತ ಕೇಳಿದ್ದಕ್ಕೆ ಉತ್ತರವೇ ಇಲ್ಲ. ತೂಕದ ಮಿತಿಯನ್ನು ಡಬ್ಬದ ಮೇಲೆ ಬರೆಯದೆ ಮಾರಿದವರು ಈ ಪ್ರಶ್ನೆಗೆ ಉತ್ತರ ಕೊಡಲೇಬೇಕಿತ್ತು.

ಅದಾದ ಮೇಲೆ ಟೇಲ್‌ನ ಪ್ಲಾಸ್ಟಿಕ್ ಕ್ಲಿಪ್ ಬಿರುಕು ಬಿಟ್ಟಿತು. ಕ್ಲಿಪ್ ಒಂದನ್ನೇ ಮಾರುವುದಿಲ್ಲವಂತೆ, ಇಡೀ ಟೇಲ್ ಕೊಳ್ಳಬೇಕಂತೆ. ಅದಕ್ಕೆ ಕೇಳಿದ ಬೆಲೆಗೆ ಹಳೇ ಅಲ್ಯೂಮಿನಿಯಂ ಬೂಮ್ ಒಂದು ಬರುತ್ತದೆ. ಇಷ್ಟು ಚೆನ್ನಾಗಿ ಮಾಡಿದ ಕೊಳವೆ ಒಂದು ಅಂಗುಲದ ಪ್ಲಾಸ್ಟಿಕ್‌ಗಾಗಿ ಮೂಲೆ ಸೇರಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕೊಳ್ಳುವ ಮುಂಚೆ ಅಂಗಡಿಯಲ್ಲಿ ಕೇಳಲೇಬೇಕಾದ ಪ್ರಶ್ನೆ ಇದು: ಕ್ಲಿಪ್, ಪಿನ್, ಕ್ಲ್ಯಾಂಪಿನ ಹಗ್ಗ ಬಿಡಿಯಾಗಿ ಸಿಗುತ್ತವಾ? ತಡವರಿಸಿದರೆ ಮುಂದಿನ ಅಂಗಡಿಗೆ ಹೋಗಿ.

ಗ್ರಿಪ್‌ಗೆ ನಾನೇ ದಾರಿ ಹುಡುಕಿಕೊಂಡೆ. ತಗ್ಗಾದ ಕಡೆ ಎಪಾಕ್ಸಿ ಅಂಟು ಹಚ್ಚಿ ಒಣಗಿಸಿ, ಮೇಲೆ ಸೈಕಲ್ ಟ್ಯೂಬಿನ ತುಂಡೊಂದನ್ನು ಉದ್ದಕ್ಕೆ ಸೀಳಿ ಬಿಗಿಯಾಗಿ ಸುತ್ತಿದೆ. ಹಾರ್ನೆಸ್ ಲೈನನ್ನು ಅದರ ಮೇಲೆ ಕಟ್ಟುತ್ತೇನೆ. ಲೈನ್ ಜಾರುವುದಿಲ್ಲ, ಸವೆತವೂ ನಿಂತಿದೆ. ಹೊಸ ಬೂಮ್ ತಂದವರು ಮೊದಲ ದಿನವೇ ಇದನ್ನು ಮಾಡಿಕೊಳ್ಳಿ.

ಈಗ ಕೊಳ್ಳುವವರಿಗೆ. ಮೊದಲು ಅಳತೆ ನೋಡಿ. ಹಾಯಿಗೆ ಎಷ್ಟು ಉದ್ದದ ಬೂಮ್ ಬೇಕು ಅನ್ನುವುದನ್ನು ಹಾಯಿಯ ಮೇಲೆಯೇ ಅಚ್ಚು ಹಾಕಿರುತ್ತಾರೆ. ನನ್ನ 7.8ಕ್ಕೆ 210 ಸೆಂ.ಮೀ. ಹತ್ತಿರ. 160–210 ಬೂಮ್ ಕೂಡ ಅಲ್ಲಿಗೆ ಮುಟ್ಟುತ್ತದೆ, ಆದರೆ ಟೇಲ್ ಪೂರ್ತಿ ಹೊರಗೆ ಬಂದಿರುತ್ತದೆ, ಒಳಗೆ ಹಿಡಿತ ಉಳಿಯುವುದು ಸ್ವಲ್ಪವೇ. ಆಗ ಎಂಥ ಬೂಮ್ ಆದರೂ ಬಾಗುತ್ತದೆ. 180–230 ಆದರೆ ಅದೇ ಹಾಯಿಗೆ ಟೇಲ್‌ನ ಇನ್ನೂ ಹಲವು ತೂತು ಒಳಗೇ ಇರುತ್ತವೆ. ಭಾರದವರು ಕೊನೆಯ ತೂತುಗಳನ್ನು ಇಲ್ಲವೇ ಇಲ್ಲ ಅಂದುಕೊಂಡು ಕೊಳ್ಳಬೇಕು. ಇದಕ್ಕೆ ಹೆಚ್ಚು ದುಡ್ಡೂ ಬೇಕಿಲ್ಲ.

ಕೊಳವೆಯ ದಪ್ಪವೂ ಮುಖ್ಯ. ತೆಳು ಕೊಳವೆ ಕೈಗೆ ಹಿತ, ನಿಜ. ಆದರೆ ಗೋಡೆಯ ದಪ್ಪ ಒಂದೇ ಇದ್ದರೆ 26 ಮಿ.ಮೀ. ಕೊಳವೆಗಿಂತ 29 ಮಿ.ಮೀ. ಕೊಳವೆ ಬಾಗದೆ ನಿಲ್ಲುವುದರಲ್ಲಿ ಸುಮಾರು ಶೇ. 40 ಮುಂದು. ಅಲ್ಯೂಮಿನಿಯಂ ಕೊಳ್ಳುವ ಭಾರದವರು ತೆಳು ಕೊಳವೆಯ ಆಸೆ ಬಿಡುವುದೇ ಒಳ್ಳೆಯದು. ಕಾರ್ಬನ್‌ನಲ್ಲಾದರೆ ತೆಳುವಿದ್ದೂ ಗಟ್ಟಿ ಇರುವುದು ಸಿಗುತ್ತದೆ.

ಹೆಡ್ ಬಗ್ಗೆ ನನ್ನ ಅಭಿಪ್ರಾಯ ಖಚಿತ. ಎರಡು ತೋಳುಗಳನ್ನು ಪ್ಲಾಸ್ಟಿಕ್ ಹೆಡ್‌ಗೆ ರಿವೆಟ್ ಹೊಡೆದು ಕೂರಿಸಿದ್ದು ಬೇಡ. ಅಲ್ಯೂಮಿನಿಯಂ ಆದರೂ ಸರಿ, ಮುಂಭಾಗ ಒಂದೇ ಕೊಳವೆಯಾಗಿ ಬಾಗಿ ಬಂದಿರಲಿ. ಹಾರ್ನೆಸ್ ಸಿಕ್ಕಿಸಿಕೊಂಡೇ ಮುಂದಕ್ಕೆ ಎಸೆಯಲ್ಪಟ್ಟಾಗ ಆ ಏಟೆಲ್ಲ ಹೋಗುವುದು ಹೆಡ್‌ಗೆ.

ಅಲ್ಯೂಮಿನಿಯಂ ತೋಳಿಗೆ ಕಾರ್ಬನ್ ಟೇಲ್ ಹಾಕಿದ ಮಧ್ಯಮ ಬೆಲೆಯ ಬೂಮ್‌ಗಳೂ ಇವೆ. ಚೆನ್ನಾಗಿಯೇ ಇರುತ್ತವೆ, ಆದರೆ ಉಪ್ಪುನೀರಿನಲ್ಲಿ ಕಾರ್ಬನ್ ಮತ್ತು ಅಲ್ಯೂಮಿನಿಯಂ ಮುಟ್ಟಿಕೊಂಡಿದ್ದರೆ ಅಲ್ಯೂಮಿನಿಯಂ ಬೇಗ ತಿಂದುಹೋಗುತ್ತದೆ, ಟೇಲ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಪ್ರತಿ ಸಲ ಬಿಚ್ಚಿ ತೊಳೆಯುವ ತಾಳ್ಮೆ ಇದ್ದವರು ಮಾತ್ರ ಕೊಳ್ಳಿ.

ಇಲ್ಲಿ ಒಳ್ಳೆಯ ಅಲ್ಯೂಮಿನಿಯಂ ಬೂಮ್ 250–350 ಡಾಲರ್‌ಗೆ ಸಿಗುತ್ತದೆ, ಕಾರ್ಬನ್‌ಗೆ ಅದರ ಮೂರು ಪಟ್ಟು. ನನ್ನ ದೊಡ್ಡ, ಚಿಕ್ಕ ಎರಡೂ ಹಾಯಿಗೆ ಕಾರ್ಬನ್ ಕೊಳ್ಳುವಷ್ಟು ಬಜೆಟ್ ನನ್ನದಲ್ಲ. ಹಾಗಾಗಿ ದೊಡ್ಡ ಹಾಯಿಗೆ ಮಾತ್ರ ಕಾರ್ಬನ್. ಚಿಕ್ಕದಕ್ಕೆ, 6.2 ಚದರ ಮೀಟರಿನದಕ್ಕೆ, ಈಗಲೂ ದಪ್ಪ ಕೊಳವೆಯ ಅಲ್ಯೂಮಿನಿಯಂ ಬೂಮ್ ಇದೆ. ಉದ್ದ ಕಡಿಮೆ ಇರುವುದರಿಂದ ಬಾಗುವುದೂ ಕಡಿಮೆ. ಅದನ್ನು ಮುರಿಯುವವರೆಗೂ ಬಳಸುವುದಿಲ್ಲ. ಗ್ರಿಪ್‌ನ ಅಂಚಿನಲ್ಲಿ ಲೋಹ ತಿಂದುಹೋಗುತ್ತಿರುವ ಗುರುತಾದ ಬಿಳಿ ಪುಡಿ ಕಂಡರೆ ಆ ಸೀಸನ್ನೇ ಅದರ ಕೊನೆ ಅಂತ ತೀರ್ಮಾನಿಸಿದ್ದೇನೆ.

ಸೆಕೆಂಡ್ ಹ್ಯಾಂಡ್ ಕಾರ್ಬನ್ ಕೊಳ್ಳುವ ಯೋಚನೆ ಇದ್ದರೆ ಹಾರ್ನೆಸ್ ಲೈನನ್ನು ಪಕ್ಕಕ್ಕೆ ಸರಿಸಿ ಅಡಿಯಲ್ಲಿ ಬೆರಳಾಡಿಸಿ ನೋಡಿ. ಟೇಲ್ ಪೂರ್ತಿ ಹೊರಗೆ ಬರುತ್ತದಾ ಎಳೆದು ನೋಡಿ. ಮಾರುವವರ ಎದುರೇ ನಾಣ್ಯದಿಂದ ಹೆಡ್ ತಟ್ಟಿ. ಬೇಡ ಅನ್ನುವವರಿಂದ ಕೊಳ್ಳಬೇಡಿ.